ಬಿಚ್ಚದೆ ಹೇಳೋಕಾಗಲ್ಲ ಸಾರ್

"ಸರ್ವೀಸಾ ಸಾರ್? ಸ್ಕ್ರೀನಾ, ಬ್ಯಾಟರಿನಾ, ಕೀಬೋರ್ಡಾ? ಬನ್ನಿ ಸಾರ್, ಮೇಲ್ಗಡೆ ಬನ್ನಿ."

ನಿಮ್ಮ ಹೆಗಲಲ್ಲಿರುವ ಕಪ್ಪು ಬ್ಯಾಗು ನೋಡಿಯೇ ಅವರಿಗೆ ವಿಷಯ ಗೊತ್ತಾಗಿಬಿಡುತ್ತದೆ. ತುಮಕೂರಿನಿಂದ ಬೆಳಗಿನ ರೈಲು, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೊ, ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು ಎಸ್‌ಜೆಪಿ ರಸ್ತೆ ಹಿಡಿದು ನಡಿಗೆ. ಇಷ್ಟು ಹೊತ್ತೂ ಪೈಪು, ಪಂಪು, ನಟ್ಟು-ಬೋಲ್ಟಿನ ಅಂಗಡಿಗಳು. ಎಸ್.ಪಿ. ರೋಡಿಗೆ ತಿರುಗಿದಿರೋ ಇಲ್ಲವೋ, ಸರಕೇ ಬೇರೆ. ಸುರುಳಿ ಸುತ್ತಿದ ಕೇಬಲ್ಲು, ಸಿಸಿಟಿವಿ ಕ್ಯಾಮೆರಾ, ಟೋನರಿನ ಡಬ್ಬಿ, ಗೋಡೆಗೆ ನೇತುಬಿಟ್ಟ ಚಾರ್ಜರುಗಳು. ತಳ್ಳುಗಾಡಿಯ ತುಂಬ ಮಾನಿಟರಿನ ಪೆಟ್ಟಿಗೆ ಪೇರಿಸಿಕೊಂಡವನು "ಸೈಡು, ಸೈಡು" ಎನ್ನುತ್ತ ಸ್ಕೂಟರುಗಳ ನಡುವೆಯೇ ದಾರಿ ಮಾಡಿಕೊಳ್ಳುತ್ತಾನೆ. ಹನ್ನೊಂದು ದಾಟಿದೆ, ಷಟರುಗಳು ಇನ್ನೂ ಏಳುತ್ತಲೇ ಇವೆ.

ಮಗಳು ಪಕ್ಕದಲ್ಲಿದ್ದಾಳೆ. ಅವಳ ತೀರ್ಮಾನ ರೈಲಿನಲ್ಲೇ ಆಗಿಹೋಗಿದೆ. "ಅಪ್ಪ, ಸುಮ್ನೆ ಹೊಸದೇ ತಗೊಳ್ಳೋಣ." ಲ್ಯಾಪ್‌ಟಾಪು 2020ರದು, ಲಾಕ್‌ಡೌನ್ ಕಾಲದಲ್ಲಿ ಪಿಯುಸಿ ಆನ್‌ಲೈನ್ ಕ್ಲಾಸಿಗೆಂದು ಕೊಂಡದ್ದು. ಈಗ ಅವಳದು ಬಿ.ಇ. ಕೊನೆಯ ವರ್ಷ, ಪ್ರಾಜೆಕ್ಟಿನ ವರದಿ ಪೂರ್ತಿ ಅದರೊಳಗಿದೆ. ಒಂದು ಸಂಜೆ ಚಾರ್ಜಿಗೆ ಹಾಕಿದ್ದು, ಅಲ್ಲಿಂದ ದೀಪವೂ ಇಲ್ಲ, ಫ್ಯಾನೂ ಇಲ್ಲ. ಕಂಪನಿಯ ಸರ್ವೀಸ್ ಸೆಂಟರಿನವರು ಎರಡು ದಿನ ಇಟ್ಟುಕೊಂಡು ಒಂದು ಕಾಗದ ಕೊಟ್ಟರು: ಮದರ್‌ಬೋರ್ಡ್ ಬದಲಿಸಬೇಕು, 27,000 ರೂಪಾಯಿ, ಜಿಎಸ್‌ಟಿ ಬೇರೆ. ಆ ಕಾಗದ ನಿಮ್ಮ ಜೇಬಿನಲ್ಲಿದೆ.

ಮಗಳ ಮಾತಿಗೆ ಬೆಲೆ ಕೊಟ್ಟು ಮೊದಲು ಕೆಳಗಿನ ಹೊಸ ಲ್ಯಾಪ್‌ಟಾಪಿನ ಅಂಗಡಿಗೇ ಹೋಗುತ್ತೀರಿ. ಎ.ಸಿ. ತಣ್ಣಗಿದೆ. ಕತ್ತಿಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಒಂದೊಂದೇ ಮುಚ್ಚಳ ಎತ್ತಿ ತೋರಿಸುತ್ತಾನೆ. ಮಗಳ ಕೈ ತೆಳ್ಳಗಿನ ಬೂದು ಬಣ್ಣದ್ದರ ಮೇಲೆ ನಿಲ್ಲುತ್ತದೆ. 58,000. ನೋ ಕಾಸ್ಟ್ ಇಎಂಐ ಇದೆ, ಬ್ಯಾಗು ಮೌಸು ಫ್ರೀ. "ಹಳೇದು ಎಕ್ಸ್‌ಚೇಂಜ್ ಹಾಕ್ಬೋದು ಸಾರ್. ಆದ್ರೆ ಆನ್ ಆಗ್ಬೇಕು."

"ಇದರಲ್ಲಿ ರ್‍ಯಾಮ್ ಎಷ್ಟು?"

"8 ಜಿಬಿ ಸಾರ್."

"ಆಮೇಲೆ ಜಾಸ್ತಿ ಮಾಡಿಸ್ಬೋದಾ?"

ಅವನು ಪೆಟ್ಟಿಗೆ ತಿರುಗಿಸಿ ಚೀಟಿ ಓದುತ್ತಾನೆ. "ಆನ್‌ಬೋರ್ಡ್ ಸಾರ್. ಎಷ್ಟಿದೆಯೋ ಅಷ್ಟೇ."

ಅಂದರೆ ಬೋರ್ಡಿಗೇ ಬೆಸುಗೆ ಹಾಕಿದ್ದು. ನಿಮ್ಮ ಬ್ಯಾಗಿನಲ್ಲಿರುವ ಸತ್ತ ಯಂತ್ರದಲ್ಲೂ 8 ಜಿಬಿಯೇ ಇರುವುದು, ಆದರೆ ಅದರಲ್ಲಿ ಇನ್ನೊಂದು ಸ್ಲಾಟ್ ಖಾಲಿ ಇದೆ. 16 ಜಿಬಿಯದು ತೋರಿಸು ಎಂದರೆ ಹುಡುಗ ಸ್ವಲ್ಪ ಸಂಕೋಚದಿಂದಲೇ ಇನ್ನೊಂದು ಮೇಜಿನತ್ತ ಕರೆದೊಯ್ಯುತ್ತಾನೆ. 2025ರ ಕೊನೆಯಿಂದ ಮೆಮೊರಿ ಚಿಪ್ಪಿನ ದರ ಏರಿ ಕುಳಿತಿದೆ. ಎಐ ಡೇಟಾ ಸೆಂಟರುಗಳ ಹಸಿವಿಗೆ ಚಿಪ್ ತಯಾರಕರು ಅತ್ತ ತಿರುಗಿದ್ದಾರೆ, ಅದರ ಬಿಸಿ ಈ ಓಣಿಯ ಅಂಗಡಿಗೂ ತಟ್ಟಿದೆ.

ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಹೊಸದನ್ನೇ ಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತಾರೆ. 58,000ದ ಅರ್ಧ 29,000. ಬೋರ್ಡಿಗೆ 27,000, ಸರಿ, ರಿಪೇರಿಯೇ ಲಾಭ. ಶೇ 18ರ ಜಿಎಸ್‌ಟಿ ಸೇರಿಸಿದರೆ 31,860, ಹಾಗಾದರೆ ಹೊಸದೇ ಲಾಭ. ತೆರಿಗೆಯ ಒಂದು ಸಾಲಿನ ಮೇಲೆ ತೀರ್ಪು ಮಗುಚಿ ಬೀಳುವ ಇಂಥ ಸೂತ್ರವನ್ನು ನಂಬಿ ಜನ ಎಷ್ಟು ಯಂತ್ರ ಎಸೆದಿದ್ದಾರೋ! ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕೆಟ್ಟಿರುವುದು ಏನು ಅಂತ ಇಲ್ಲಿಯವರೆಗೆ ಯಾರೂ ಹೇಳಿಲ್ಲ. ಕಾಗದದಲ್ಲಿ ಇರುವುದು ಏನನ್ನು ಬದಲಿಸುತ್ತಾರೆ ಎಂಬುದು ಮಾತ್ರ.

"ಯೋಚ್ನೆ ಮಾಡಿ ಬರ್ತೀವಪ್ಪ" ಎಂದು ಹೊರಬೀಳುತ್ತೀರಿ. ಮಗಳ ಮುಖ ಸಣ್ಣದಾಗಿದೆ.

ಪಕ್ಕದ ಕಟ್ಟಡದ ಮೆಟ್ಟಿಲು ಕಡಿದು. ಎರಡನೇ ಮಹಡಿಯಲ್ಲಿ 'ಚಿಪ್ ಲೆವೆಲ್ ಸರ್ವೀಸ್' ಎಂದು ಕೈಬರಹದಲ್ಲಿ ಬರೆದ ಫಲಕ. ಒಳಗೆ ಕಾಲಿಡುತ್ತಿದ್ದಂತೆ ಮೂಗಿಗೆ ಫ್ಲಕ್ಸಿನ ಹೊಗೆ, ಅದರ ಜೊತೆಗೆ ಸ್ಪಿರಿಟ್ಟಿನ ವಾಸನೆ. ಮೇಜಿನ ಮೇಲೆ ಮೈಕ್ರೋಸ್ಕೋಪು, ಬಿಸಿಗಾಳಿಯ ಗನ್ನು, ವೋಲ್ಟು-ಆಂಪಿಯರ್ ತೋರಿಸುವ ಡಿಸಿ ಸಪ್ಲೈ, ಸವೆದ ಹಲ್ಲುಜ್ಜುವ ಬ್ರಷ್ಷು. ಹಿಂದಿನ ಗೋಡೆಯ ಮೊಳೆಗಳಿಗೆ ಹಸಿರು, ನೀಲಿ, ಕಪ್ಪು ಬೋರ್ಡುಗಳು ನೇತಾಡುತ್ತಿವೆ. ಎಲ್ಲವೂ ಸ್ಕ್ರ್ಯಾಪು, ಬಿಡಿಭಾಗಕ್ಕೆಂದು ಇಟ್ಟುಕೊಂಡವು.

ಮೇಜಿನ ಆಚೆ ಕುಳಿತ ನಡುವಯಸ್ಸಿನ ಮನುಷ್ಯ ತಲೆ ಎತ್ತುವುದಿಲ್ಲ. ಅವರ ಎದುರು ನಿಂತ ಯುವಕನ ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿದೆ. ತೆಳ್ಳಗಿನ ದುಬಾರಿ ಯಂತ್ರ. ಚೆಲ್ಲಿದ ಮೇಲೆ ಒಣಗಿಸಿ, ದಿನಕ್ಕೊಮ್ಮೆ ಆನ್ ಮಾಡಿ ನೋಡುತ್ತಿದ್ದನಂತೆ.

"ಅದೇ ತಪ್ಪಾಯ್ತು ಬಾಸ್" ಎನ್ನುತ್ತಾರೆ ಅವರು. "ಕಾಫಿ ಒಣಗ್ತು, ಸಕ್ರೆ ಒಣಗಿಲ್ಲ. ಒಳಗೆ ಬ್ಯಾಟರಿ ಕನೆಕ್ಷನ್ ಇದ್ದೇ ಇತ್ತಲ್ಲ, ಕರೆಂಟು ಹರೀತಾ ತಿಂದಾಕ್‌ಬಿಟ್ಟಿದೆ." ಮೈಕ್ರೋಸ್ಕೋಪಿನ ಕಣ್ಣಿಗೆ ಸಿಕ್ಕಿಸಿದ ಪರದೆಯಲ್ಲಿ ನೀವೂ ನೋಡುತ್ತೀರಿ. ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು, ಪ್ರೊಸೆಸರಿನ ಅಂಚಿನವರೆಗೂ ಹಬ್ಬಿದೆ. "ಪ್ರೊಸೆಸರ್ ಅಡಿಗೇ ಹೋಗಿದೆ. ಮಾಡ್ಕೊಡ್ತೀನಿ ಅಂತ ಹನ್ನೆರಡು ಸಾವಿರ ಈಸ್ಕೋಬೋದು, ತಿಂಗಳಿಗೆ ವಾಪಸ್ ಬರ್ತೀರಿ. ಬೇಡ. ಹೊಸದು ತಗೊಳಿ."

"ಡೇಟಾ?"

"ಇದ್ರಲ್ಲಿ ಡಿಸ್ಕ್ ಬೇರೆ ಇಲ್ಲ, ಬೋರ್ಡ್ ಮೇಲೇ ಇದೆ. ಬೋರ್ಡ್ ಎದ್ದರೆ ಡೇಟಾ, ಇಲ್ದಿದ್ರೆ ಇಲ್ಲ."

ಬಂದ ಗಿರಾಕಿಗೆ ರಿಪೇರಿ ಬೇಡ ಎಂದು ಹೇಳಿ ಕಳಿಸುವವನನ್ನು ಕಂಡಾಗ ನಿಮಗೆ ಸ್ವಲ್ಪ ಧೈರ್ಯ ಬರುತ್ತದೆ. ಮುಂದೆ ಸರಿದು ಬ್ಯಾಗಿನ ಜಿಪ್ಪು ತೆಗೆಯುತ್ತೀರಿ. "ಎಷ್ಟಾಗ್ಬೋದು ಇವ್ರೇ?"

"ಬಿಚ್ಚದೆ ಹೇಳೋಕಾಗಲ್ಲ ಸಾರ್. ನೋಡೋಕೆ 300. ರಿಪೇರಿ ಮಾಡ್ಸಿದ್ರೆ ಅದು ಬಿಲ್ಲಲ್ಲಿ ಮೈನಸ್."

ತಿರುಪುಗಳು ಒಂದೊಂದಾಗಿ ಅಯಸ್ಕಾಂತದ ತಟ್ಟೆಗೆ ಬೀಳುತ್ತವೆ. ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡನ್ನು ಸಂದಿಗೆ ತೂರಿಸಿ ಸುತ್ತ ಎಳೆದರೆ ಕಟ ಕಟ ಎಂದು ತಳದ ಮುಚ್ಚಳ ಕಳಚುತ್ತದೆ. ಮೊದಲು ಕಣ್ಣಿಗೆ ಬೀಳುವುದು ಬ್ಯಾಟರಿ. ಮೂರು ಸೆಲ್ಲುಗಳಲ್ಲಿ ಒಂದು ಊದಿ ಗುಡ್ಡೆಯಾಗಿದೆ. "ಟಚ್‌ಪ್ಯಾಡ್ ಕ್ಲಿಕ್ ಆಗ್ತಿರ್ಲಿಲ್ಲ ಅಲ್ವಾಮ್ಮ?" ಎಂದು ಮಗಳನ್ನು ಕೇಳುತ್ತಾರೆ. ಅವಳು ಬೆರಗಾಗಿ ಹೂಂಗುಡುತ್ತಾಳೆ. "ಕೆಳಗಿಂದ ಇದು ಒತ್ತುತ್ತಿತ್ತು." ಕನೆಕ್ಟರ್ ಬಿಡಿಸಿ, ಅದನ್ನು ಚುಚ್ಚದಂತೆ, ಬಗ್ಗಿಸದಂತೆ ಎತ್ತಿ ಕಬ್ಬಿಣದ ಡಬ್ಬಿಯಲ್ಲಿಟ್ಟು ದೂರ ಸರಿಸುತ್ತಾರೆ. ಲಿಥಿಯಂ ಸೆಲ್ಲು ಹಳೆಯದಾದಾಗ ಒಳಗೆ ಅನಿಲ ಹುಟ್ಟಿ ಹೀಗಾಗುತ್ತದೆ, ತೂತು ಬಿದ್ದರೆ ಹೊತ್ತಿಕೊಳ್ಳಬಹುದು.

"ಹಾಗಾದ್ರೆ ಬ್ಯಾಟರಿದೇ ತೊಂದ್ರೆನಾ?"

"ಇರಿ ಸಾರ್."

ಚಾರ್ಜರಿನ ಬದಲು ಡಿಸಿ ಸಪ್ಲೈಯನ್ನು 19 ವೋಲ್ಟಿಗಿಟ್ಟು ಜೋಡಿಸುತ್ತಾರೆ. ಗುಂಡಿ ಒತ್ತಿದ ಕ್ಷಣದಲ್ಲೇ 19 ಎಂಬ ಅಂಕಿ ಸೊನ್ನೆಯ ಹತ್ತಿರಕ್ಕೆ ಕುಸಿಯುತ್ತದೆ, ಆಂಪಿಯರಿನ ಅಂಕಿ ಮೇಲೇರಿ ನಿಲ್ಲುತ್ತದೆ. ಅವರು ಆಫ್ ಮಾಡಿ ಮಲ್ಟಿಮೀಟರಿನ ಎರಡು ಮೊನೆಗಳನ್ನು ಬೋರ್ಡಿಗೆ ಮುಟ್ಟಿಸುತ್ತಾರೆ. ಬೀಪ್! ಬಿಡದೆ ಕೂಗುತ್ತದೆ.

"ಫುಲ್ ಶಾರ್ಟು. ಹತ್ತೊಂಬತ್ತು ವೋಲ್ಟಿನ ಲೈನು ನೇರ ಗ್ರೌಂಡಿಗೆ ಹೋಗಿದೆ. ಅದಕ್ಕೇ ಚಾರ್ಜರ್ ತನ್ನಷ್ಟಕ್ಕೆ ಆಫ್ ಆಗ್ತಿತ್ತು." ನೀವು ಮಗಳ ಮುಖ ನೋಡುತ್ತೀರಿ. ಕೇಳಿದರೆ ಸಾವಿನ ಸುದ್ದಿಯೇ. ಆದರೆ ಆ ಮನುಷ್ಯ ಈಗಷ್ಟೇ ಹುರುಪಾಗಿದ್ದಾರೆ.

ಪಕ್ಕದ ಕಂಪ್ಯೂಟರಿನಲ್ಲಿ ಇದೇ ಬೋರ್ಡಿನ ನಕ್ಷೆ ತೆರೆಯುತ್ತಾರೆ. ಯಾವ ತಂತು ಎಲ್ಲಿಂದ ಎಲ್ಲಿಗೆ ಅಂತ ಬಣ್ಣಬಣ್ಣದಲ್ಲಿ ತೋರಿಸುವ ಬೋರ್ಡ್‌ವ್ಯೂ. "ಕಂಪನಿ ಕೊಡುತ್ತಾ ಇದನ್ನ?" ಎಂದರೆ ನಗುತ್ತಾರೆ. "ಅವ್ರು ಎಲ್ಲಿ ಕೊಡ್ತಾರೆ? ನಮ್ಮ ನಮ್ಮಲ್ಲೇ ಗ್ರೂಪ್ ಇದೆ, ಹಂಚ್ಕೋತೀವಿ." ರಿಪೇರಿಯ ಹಕ್ಕು ಎಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲನ್ನೂ ತೆರೆಯಿತು. ಈ ಮೇಜಿನ ಕೆಲಸ ಮಾತ್ರ ಈಗಲೂ ಕೈಯಿಂದ ಕೈಗೆ ದಾಟಿದ ನಕ್ಷೆಗಳ ಮೇಲೆಯೇ ನಡೆಯುತ್ತಿದೆ. ಸರ್ವೀಸ್ ಸೆಂಟರಿನವರು ಸುಳ್ಳು ಹೇಳಿದರು ಎಂದೇನೂ ಅಲ್ಲ. "ಅವ್ರಿಗೆ ಬೋರ್ಡೇ ಒಂದು ಪಾರ್ಟು ಸಾರ್. ಅದಕ್ಕಿಂತ ಸಣ್ಣದು ಅವ್ರ ಲಿಸ್ಟಲ್ಲೇ ಇಲ್ಲ. ನಂಗೆ ಇದ್ರಲ್ಲಿ ಸಾವಿರ ಪಾರ್ಟಿದೆ."

ಇನ್ನು ಮುಂದಿನದನ್ನು ಸ್ವಲ್ಪ ಬಗ್ಗಿ ನೋಡಿ. ಡಿಸಿ ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ, ಶಾರ್ಟ್ ಆದ ಲೈನಿಗೇ ತಂತಿ ಹಿಡಿಯುತ್ತಾರೆ. ವೋಲ್ಟು ಕಡಿಮೆ, ಹಾಗಾಗಿ ಬೇರೇನೂ ಸುಡುವುದಿಲ್ಲ. ಕರೆಂಟು ಮಾತ್ರ ಜೋರಾಗಿ ಹರಿದು ಕೆಟ್ಟ ಜಾಗವನ್ನು ಬಿಸಿ ಮಾಡುತ್ತದೆ. ಹರಿಸುವ ಮೊದಲು ಬೋರ್ಡಿನ ಮೇಲೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಿದಿದ್ದಾರೆ, ಇಡೀ ಮೂಲೆ ಒದ್ದೆಯಾಗಿ ಮಿರುಗುತ್ತಿದೆ. ಗುಂಡಿ ಒತ್ತುತ್ತಾರೆ. ಒಂದೇ ಒಂದು ಚುಕ್ಕೆ, ಕಾದ ಕಾವಲಿಗೆ ಚಿಮುಕಿಸಿದ ನೀರು ಆರಿದ ಹಾಗೆ, ಉಳಿದದ್ದಕ್ಕಿಂತ ಮೊದಲೇ ಒಣಗಿ ಮಂಕಾಗುತ್ತದೆ.

"ಅಲ್ಲಿ!" ಮಗಳೇ ಮೊದಲು ಕೂಗುತ್ತಾಳೆ.

ಚಾರ್ಜಿಂಗ್ ಐಸಿಯ ಪಕ್ಕದ ಸಾಲಿನಲ್ಲಿರುವ ಕಂದು ಬಣ್ಣದ ಒಂದು ಕೆಪಾಸಿಟರ್. 2 ಮಿಲಿಮೀಟರ್ ಉದ್ದವಿದ್ದರೆ ಹೆಚ್ಚು. ಬಿಸಿಗಾಳಿ ಹಿಡಿದು, ಚಿಮುಟದಿಂದ ಮೆಲ್ಲಗೆ ತಳ್ಳಿದರೆ ಅದು ಜಾರಿ ಈಚೆಗೆ ಬರುತ್ತದೆ. ಮತ್ತೆ ಮೀಟರಿನ ಮೊನೆಗಳು ಅದೇ ಜಾಗಕ್ಕೆ. ಬೀಪ್ ಇಲ್ಲ.

ಗೋಡೆಯ ಸ್ಕ್ರ್ಯಾಪ್ ಬೋರ್ಡೊಂದರಿಂದ ಅದೇ ಅಳತೆಯ ಕೆಪಾಸಿಟರ್ ಎತ್ತಿ ಕೂರಿಸುತ್ತಾರೆ. ಇದಿಲ್ಲದೆಯೂ ಓಡುತ್ತದೆ, ಪಕ್ಕದಲ್ಲಿ ಅಂಥವೇ ಇನ್ನೂ ಇವೆ, ಆದರೂ ಇದ್ದ ಜಾಗದಲ್ಲಿ ಇರಲಿ ಎನ್ನುತ್ತಾರೆ. 19 ವೋಲ್ಟು ಈ ಸಲ ಕುಸಿಯುವುದಿಲ್ಲ. ಫ್ಯಾನು ಒಮ್ಮೆ ಸುಯ್ ಎನ್ನುತ್ತದೆ, ಪರದೆ ಬೆಳಗುತ್ತದೆ. ಬೆಳಗಿ, ನೀಲಿಯಾಗಿ, ಬಿಟ್‌ಲಾಕರ್ ಕೀ ಕೇಳುತ್ತ ನಿಲ್ಲುತ್ತದೆ. 48 ಅಂಕಿಯ ಸಂಖ್ಯೆ. ಮಗಳ ಮುಖ ಬಿಳುಚುತ್ತದೆ. "ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿದ್ರಾ? ಫೋನಲ್ಲಿ ನೋಡಿ, ಅಲ್ಲಿ ಇರತ್ತೆ." ಇದೆ. ಗುಂಪು ಗುಂಪಾಗಿ ಓದಿ ಹೇಳುತ್ತಾಳೆ, ಅವರು ಒತ್ತುತ್ತ ಹೋಗುತ್ತಾರೆ.

ಇಷ್ಟಾದ ಮೇಲೆ ಈಗ ನಿಜವಾದ ಲೆಕ್ಕ. ಬೋರ್ಡಿಗೆ 2,800. ಬ್ಯಾಟರಿ 3,500. "1,800ರದ್ದೂ ಇದೆ. ಅದ್ರ ಮೇಲೆ ಬರೆದಿರೋದನ್ನ ನಂಬ್ಬೇಡಿ, ಆರು ತಿಂಗಳಿಗೆ ಇದೇ ಥರ ಊದ್ಕೊಳ್ಳತ್ತೆ." ಒಟ್ಟು 6,300.

"ಇಷ್ಟು ಹಾಕಿದ್ರೆ ಎಷ್ಟು ದಿನ ಬರುತ್ತೆ?"

ಅವರು ಸೆಟ್ಟಿಂಗ್ಸ್ ತೆರೆದು ನೋಡುತ್ತಾರೆ. "ಟೆನ್ತ್ ಜನರೇಷನ್ನು. ವಿಂಡೋಸ್ ಹನ್ನೊಂದು ಆಗ್ಲೇ ಓಡ್ತಿದೆ. ಎಂಟಕ್ಕಿಂತ ಕೆಳಗಿದ್ರೆ ನಾನೇ ಬೇಡ ಅಂತಿದ್ದೆ." 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತಿತು. ಇಂಟೆಲಿನ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಎಲ್ಲ ಪ್ರೊಸೆಸರುಗಳನ್ನೂ ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಂಡು ಬಳಸಲು ಬರುವವರಿಗೆ ಅಂಥ ಯಂತ್ರವೂ ಸಾಕು, ಆದರೆ ಕಾಲೇಜಿನ ಸಾಫ್ಟ್‌ವೇರುಗಳು ಎಲ್ಲರಿಗೂ ಆ ಸ್ವಾತಂತ್ರ್ಯ ಕೊಡುವುದಿಲ್ಲ. "ಎರಡು ವರ್ಷ ಧೈರ್ಯವಾಗಿ ಹೇಳ್ತೀನಿ. ರ್‍ಯಾಮ್ ಈಗ ಹಾಕ್ಸ್ಬೇಡಿ, ರೇಟು ಇಳೀಲಿ."

ನೀವು 300 ರೂಪಾಯಿ ಕಡಿಮೆ ಮಾಡಿ ಎನ್ನುತ್ತೀರಿ. ನೋಡುವ 300 ಆಗಲೇ ಕಳೆದಿದೆ ಎನ್ನುತ್ತಾರೆ. ಬೋರ್ಡಿಗೆ ಮೂವತ್ತು ದಿನದ ವಾರಂಟಿ, ನೀರು ಬಿದ್ದರೆ ಇಲ್ಲ.

"ಒಂದು ಮಾತು ಸಾರ್" ಎನ್ನುತ್ತಾರೆ ಮುಚ್ಚಳ ಹಾಕುತ್ತ. "ಇವತ್ತು ಹೋಗಿದ್ದು ಕೆಪಾಸಿಟರ್, ಅದಕ್ಕೆ ಮಾಡಿದೆ. ನಾಳೆ ಪ್ರೊಸೆಸರ್ ಸೈಡಲ್ಲಿ ಏನಾದ್ರೂ ಆದ್ರೆ ಇದನ್ನ ಹೊತ್ಕೊಂಡು ತುಮಕೂರಿಂದ ಬರ್ಬೇಡಿ. ಫೋನ್ ಮಾಡಿ, ಡಿಸ್ಕ್ ಹೆಂಗೆ ಬಿಚ್ಚೋದು ಅಂತ ಹೇಳ್ಕೊಡ್ತೀನಿ. ಆವಾಗ ಹೊಸದು ತಗೊಳಿ."

ಕಾಫಿಯ ಯುವಕ ಇನ್ನೂ ಹೋಗಿಲ್ಲ. ಸತ್ತ ಯಂತ್ರವನ್ನು ಏನು ಮಾಡಲಿ ಎಂದು ಕೇಳುತ್ತಿದ್ದಾನೆ. ಗುಜರಿಯವನಿಗೆ ಹಾಕಬೇಡ ಎಂಬ ಉತ್ತರ ಬರುತ್ತದೆ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಕಂಪನಿಯ ಇ-ತ್ಯಾಜ್ಯ ಘಟಕ ಇದೆ, ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಕಂಪನಿಯಲ್ಲೇ ಇದೆಯಾ ಅಂತಲೂ ಕೇಳು. ಹಾಗೆ ಹೇಳಿದವರೇ, ಬೇಡವಾದರೆ ಪರದೆಯನ್ನು ತನಗೆ ಕೊಡು, 2,000 ಕೊಡುತ್ತೇನೆ ಎಂದೂ ಸೇರಿಸುತ್ತಾರೆ.

ನೀವು ಯುಪಿಐ ಸ್ಕ್ಯಾನ್ ಮಾಡುತ್ತೀರಿ. ಮಗಳು ಬೂದು ಬಣ್ಣದ ಲ್ಯಾಪ್‌ಟಾಪಿನ ಮಾತು ಎತ್ತುವುದಿಲ್ಲ. 1 ಟಿಬಿ ಹೊರಗಿನ ಡಿಸ್ಕ್ ಇಲ್ಲಿ ಎಷ್ಟಕ್ಕೆ ಸಿಗುತ್ತದೆ, ವರದಿಯ ಇನ್ನೊಂದು ಪ್ರತಿಯನ್ನು ಇವತ್ತೇ ಅದಕ್ಕೆ ಹಾಕಿಕೊಳ್ಳಬಹುದಾ ಎಂದು ವಿಚಾರಿಸುತ್ತಿದ್ದಾಳೆ.