ಫ್ರೇಜರ್ ಮರವನ್ನು ಮನೆಗೆ ತಂದುದು

ಉತ್ತರ ಕೆರೊಲಿನಾ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ ಆಶ್ ಎಂಬ ಬೆಟ್ಟಸೀಮೆಯ ಜಿಲ್ಲೆಯೊಂದಿದೆ. ಷಾರ್ಲಟ್ ನಗರದಿಂದ ಅಲ್ಲಿಗೆ ಮೋಟಾರಿನಲ್ಲಿ ಸುಮಾರು 2 ಗಂಟೆಯ ದಾರಿ. ಕ್ರಿಸ್‌ಮಸ್ ಹಬ್ಬಕ್ಕೆ ಇನ್ನು 3 ವಾರಗಳಿವೆಯೆನ್ನುವಾಗ, ನಮಗೆ ಆತಿಥ್ಯ ನೀಡಿದ್ದ ಗೃಹಸ್ಥರೂ ಅವರ ಪತ್ನಿಯೂ 8 ವರ್ಷದ ಮಗಳೂ ಮರ ತರಲು ಅಲ್ಲಿಗೆ ಹೊರಟರು. ಅವರೊಡನೆ ನಾವೂ ಹೊರಟೆವು. ಮರವೆಂದರೆ ಪೆಟ್ಟಿಗೆಯಿಂದ ತೆಗೆದು ಜೋಡಿಸುವ ಪ್ಲಾಸ್ಟಿಕ್ಕಿನ ಮರವಲ್ಲ. ಮಣ್ಣಿನಲ್ಲಿ ಬೆಳೆದ ನಿಜವಾದ ಮರ.

ಬೆಂಗಳೂರಿನವರು ಕ್ರಿಸ್‌ಮಸ್ ಮರವೆಂದು ಕರೆಯುವುದು ಲಾಲ್‌ಬಾಗಿನಲ್ಲಿಯೂ ಹಳೆಯ ಬಂಗಲೆಗಳ ಅಂಗಳದಲ್ಲಿಯೂ ಗೋಪುರದಂತೆ ಎದ್ದುನಿಂತಿರುವ ಅರಾಕೇರಿಯಾ ಮರವನ್ನು. ಅದು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಸಂತತಿ. ಹಬ್ಬಕ್ಕೂ ಅದಕ್ಕೂ ಇರುವ ನಂಟು ಆಕಾರದ್ದು ಮಾತ್ರ. ಆಶ್ ಜಿಲ್ಲೆಯಲ್ಲಿ ನಾವು ಕಂಡುದು ಬೇರೊಂದು ಮರ. ತಿರುತಿರುಗಿ ಏರುವ ದಾರಿಯ ಎರಡು ಮಗ್ಗುಲಲ್ಲಿಯೂ, ಕೂರಿಗೆ ಹಿಡಿದು ಬಿತ್ತಿದ ರಾಗಿಯ ಹೊಲದಂತೆ ಗೆರೆ ತಪ್ಪದೆ, ಗುಡ್ಡದ ನೆತ್ತಿಯವರೆಗೂ ಸಾಲುಸಾಲಾಗಿ ಫ್ರೇಜರ್ ಫರ್ ಮರಗಳು. ಆ ಚಳಿಯಲ್ಲಿ ಉಳಿದ ಕಾಡೆಲ್ಲ ಎಲೆ ಉದುರಿಸಿ ಬೋಳಾಗಿದ್ದಿತು, ಹಸಿರಾಗಿದ್ದುದು ಇವೇ.

ಈ ಮರಕ್ಕೆ ಹೆಸರು ಬಂದುದು ಜಾನ್ ಫ್ರೇಜರ್ (1750–1811) ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕನಿಂದ. ಬೆಟ್ಟದ ಹಳಬರು ಇದನ್ನು ಹೆಣ್ಣು ಬಾಲ್ಸಂ ಎಂದೂ ನೆರೆಯಲ್ಲಿ ಬೆಳೆಯುವ ಕೆಂಪು ಸ್ಪ್ರೂಸನ್ನು ಗಂಡು ಬಾಲ್ಸಂ ಎಂದೂ ಕರೆಯುತ್ತಿದ್ದರು. ತೊಗಟೆಯ ಮೇಲಿನ ಗುಳ್ಳೆಗಳನ್ನು ಒತ್ತಿದರೆ ಹಾಲು ಒಸರಿದಂತೆ ಅಂಟು ಒಸರುವುದೇ ಇದಕ್ಕೆ ಕಾರಣವಂತೆ. ಎಲೆಗಳು ಚಪ್ಪಟೆಯಾದ ಸೂಜಿಗಳು; ಮೇಲೆ ಕಡುಹಸಿರು, ಕೆಳಗೆ ಬೆಳ್ಳಿಯ ಎರಡು ಗೆರೆ; ಕೈಗೆ ಚುಚ್ಚುವುದಿಲ್ಲ.

ತೋಟದ ಯಜಮಾನರು ವೃದ್ಧರು, ಮಿತಭಾಷಿಗಳು. ಬೀಜ ಮೊಳೆತಂದಿನಿಂದ 7 ಅಡಿ ಏರುವುದಕ್ಕೆ 10–12 ವರ್ಷಗಳು ಹಿಡಿಯುವುವೆಂದೂ, ಪ್ರತಿ ಬೇಸಗೆಯಲ್ಲಿಯೂ ಉದ್ದನೆಯ ಕತ್ತಿಗಳಿಂದ ಒಂದೊಂದು ಮರವನ್ನೂ ಸವರಿ ಆ ಶಂಕುವಿನ ಆಕಾರ ತರಬೇಕೆಂದೂ ಹೇಳಿದರು. ಈ ಸೀಮೆಯಲ್ಲಿ ಆ ದುಡಿಮೆಯ ಬಹುಭಾಗ ಮೆಕ್ಸಿಕೋ ದೇಶದಿಂದ ಬರುವ ಕೂಲಿಗಾರರದು. ದೀಪಗಳ ಕೆಳಗೆ ನಿಂತು ಮರದ ಚೆಲುವನ್ನು ಹೊಗಳುವವರು ಈ ಕೈಗಳನ್ನು ನೆನೆಯುವುದು ಅಪರೂಪ.

ಹುಡುಗಿ ಲೆಕ್ಕ ಹಾಕಿ, “ಹಾಗಾದರೆ ಈ ಮರ ನನಗಿಂತ ದೊಡ್ಡದು” ಎಂದಳು.

ಆರಿಸುವುದರಲ್ಲಿ ಒಂದು ಗಂಟೆ ಕಳೆಯಿತು. ಬಯಲಿನಲ್ಲಿ ಆಕಾಶದ ಕೆಳಗೆ ಎಲ್ಲ ಮರವೂ ಗಿಡ್ಡನೆಯದಾಗಿಯೇ ತೋರುತ್ತದೆ. ಮನೆಗೆ ತಂದ ಮೇಲೆ ಸೂರಿಗೆ ತಗಲುತ್ತದೆ. ಆದುದರಿಂದ ಮನೆಯೊಡತಿ ಅಳತೆಯ ಪಟ್ಟಿಯನ್ನು ತಂದಿದ್ದರು. ಸೂರು 8 ಅಡಿ. ಪೀಠಕ್ಕೂ ತುದಿಯ ನಕ್ಷತ್ರಕ್ಕೂ ಎಡೆಬಿಟ್ಟು 7 ಅಡಿಗೆ ಮೀರಬಾರದೆಂದು ಅವರ ನಿಯಮ. ಮರ ಹೊಸತೋ ಹಳತೋ ಎಂಬ ಪರೀಕ್ಷೆಯನ್ನೂ ಅವರೇ ನಮಗೆ ಕಲಿಸಿದರು. ರೆಂಬೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಬೇಕು. ಹಸಿರು ಸೂಜಿ ಕೈಗೆ ಬಂದರೆ ಆ ಮರ ಬೇಡ. ಒಂದು ಸೂಜಿಯನ್ನು ಮಡಿಸಿದರೆ ಹಸಿಯ ಹುರುಳಿಕಾಯಿಯಂತೆ ಟಕ್ಕನೆ ಮುರಿಯಬೇಕು. ಒಳಗಡೆಯ ಕಂದು ಸೂಜಿಗಳು ಉದುರಿದರೆ ಅಂಜಬೇಕಾಗಿಲ್ಲ, ಅವು ಹಳೆಯವು. ನಿಂತ ಮರವನ್ನೇ ಕೊಯ್ಯಿಸುವಲ್ಲಿ ಈ ಪರೀಕ್ಷೆಗಳು ಬೇಕಿಲ್ಲ, ಆದರೆ ಊರಿನ ಬೀದಿಯಲ್ಲಿ ಕೊಳ್ಳುವವರಿಗೆ ಇವೇ ಆಧಾರ.

ಇದಕ್ಕೆ ಮೊದಲೊಮ್ಮೆ, ಬೇಸಗೆಯಲ್ಲಿ, ನಾವು ಮಿಚೆಲ್ ಶಿಖರಕ್ಕೆ ಹೋಗಿದ್ದೆವು. 6,684 ಅಡಿ ಎತ್ತರದ ಆ ಶಿಖರ ಫ್ರೇಜರ್ ಮರದ ತೌರುಗಳಲ್ಲೊಂದು. ಅಲ್ಲಿ ಕಂಡುದು ಬೇರೆಯ ನೋಟ: ಮಂಜಿನೊಳಗೆ ಬಿಳಿಯ ಎಲುಬುಗಳಂತೆ ನಿಂತ ಒಣಮರಗಳು. ಯೂರೋಪಿನಿಂದ ಬಂದ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಹೇನೊಂದು 1957ರಲ್ಲಿ ಆ ಶಿಖರದಲ್ಲಿ ಗೋಚರಿಸಿತು. ಅದು ತೊಗಟೆಯಲ್ಲಿ ಹೀರುತ್ತಿದ್ದಂತೆ ಒಳಗಿನ ಕಟ್ಟಿಗೆ ವಿಕಾರವಾಗಿ ಬೆಳೆದು, ಬೇರಿನಲ್ಲಿ ನೀರಿದ್ದರೂ ಮೇಲಕ್ಕೆ ಏರದೆ ಮರ ಒಣಗುತ್ತದೆ. ಕೆಲವೇ ದಶಕಗಳಲ್ಲಿ ಹಿರಿಯ ಮರಗಳಲ್ಲಿ ಹೆಚ್ಚಿನವು ಸತ್ತವು. ಅವುಗಳ ಬುಡದಲ್ಲಿ ಎಳೆಯ ಸಸಿಗಳೇನೋ ಎದ್ದಿವೆ. ತೋಟಗಳಲ್ಲಿ ಲಕ್ಷಗಟ್ಟಲೆ ಬೆಳೆಯುವ ಮರ ತನ್ನ ತೌರಿನಲ್ಲಿ ಅಪಾಯಕ್ಕೊಳಗಾಗಿದೆಯೆಂಬುದು ಆ ಹೊಲದಲ್ಲಿ ನಿಂತಾಗ ನಮಗೆ ನಂಬಲಾಗಲಿಲ್ಲ.

ಕೊಯ್ದ ಮರವನ್ನು ಅಲುಗಿಸಿ, ಬಲೆಯೊಳಗೆ ತೂರಿಸಿ, ಬುಡ ಮುಂದಾಗಿ ಮೋಟಾರಿನ ಮೇಲೆ ಕಟ್ಟಿದರು. ಹೊರಡುವಾಗ ಯಜಮಾನರು ಹೇಳಿದುದು ಒಂದೇ ಮಾತು: ನೀರು ಬತ್ತಗೊಡಬೇಡಿ.

ಮನೆಯಲ್ಲಿ ಬುಡದಿಂದ ಅರ್ಧ ಅಂಗುಲದ ಬಿಲ್ಲೆಯನ್ನು ನೇರವಾಗಿ ಕೊಯ್ದು ತೆಗೆದು, ಒಡನೆಯೇ ನೀರಿನ ಪೀಠದಲ್ಲಿ ನಿಲ್ಲಿಸಿದೆವು. ಪೀಠಕ್ಕೆ ಹೊಂದದೆಂದು ಬುಡದ ತೊಗಟೆಯನ್ನು ಕೆತ್ತುವವರುಂಟು; ಅದು ತಪ್ಪು, ನೀರನ್ನು ಚೆನ್ನಾಗಿ ಸೆಳೆಯುವುದು ಹೊರಗಿನ ಪದರವೇ. ಸಕ್ಕರೆ, ಮಾತ್ರೆ ಮುಂತಾದುವೂ ಬೇಡ. ಬರಿಯ ನೀರು ಸಾಕು. ಬೆಚ್ಚನೆಯ ಗಾಳಿ ಬರುವ ಕಿಂಡಿಯನ್ನು ಮುಚ್ಚಿದೆವು. ದೀಪಗಳು ಬಿಸಿಯಾಗದ ಎಲ್‌ಇಡಿ ದೀಪಗಳು. ಮಲಗುವ ಮುನ್ನ ಅವನ್ನೂ ಆರಿಸುವುದು ಆ ಮನೆಯ ಕಟ್ಟಳೆ. ಒಣಗಿದ ಮರಕ್ಕೆ ಕಿಡಿ ತಗುಲಿದರೆ ಕೋಣೆಯೆಲ್ಲ ಉರಿಯಲು ಒಂದು ನಿಮಿಷವೂ ಬೇಡ. ಮೊದಲ ರಾತ್ರಿಯೇ ಮರ ಒಂದು ಗ್ಯಾಲನ್ ನೀರು ಕುಡಿಯಿತು. ಆಮೇಲೆ ಬುಡದ ಅಗಲದ ಅಂಗುಲಕ್ಕೊಂದು ಕ್ವಾರ್ಟಿನಂತೆ ದಿನಕ್ಕೆ ಬೇಕಾಗುವುದೆಂದು ಲೆಕ್ಕ.

ಸೋಮವಾರ ಬೆಳಗ್ಗೆ ಮನೆಯವರು 2 ದಿನದ ಮಟ್ಟಿಗೆ ಪರಸ್ಥಳಕ್ಕೆ ಹೊರಟರು. ಮರದ ಪಾಲನೆ ನಮ್ಮ ಪಾಲಿಗೆ ಬಂದಿತು. ಪೀಠ ತುಂಬಿರುವುದನ್ನು ನೋಡಿ ನಾವು ಧೈರ್ಯವಾಗಿ ಊರು ಸುತ್ತಲು ಹೋಗಿ ರಾತ್ರಿ ಹಿಂದಿರುಗಿದೆವು. ಪೀಠ ಒಣಗಿದ್ದಿತು. ಗಾಬರಿಯಿಂದ ತುಂಬಿಸಿದೆವು. ಮಂಗಳವಾರ ಬೆಳಗ್ಗೆ ನೋಡಿದರೆ ನೀರು ಹನಿಯಷ್ಟೂ ಇಳಿದಿರಲಿಲ್ಲ, ಸಂಜೆಯೂ ಅಷ್ಟೇ. ತೋಟದ ಯಜಮಾನರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದೆವು. ಕೊಯ್ದ ಬಾಯಿ ಗಾಳಿಗೆ ಒಣಗಿ ಅಂಟಿನಿಂದ ಮುಚ್ಚಿಹೋಗಿದೆ, ಮತ್ತೆ ಕೊಯ್ಯದೆ ಬೇರೆ ದಾರಿಯಿಲ್ಲ ಎಂದರು. ಬೆಟ್ಟದ ಮರಗಳಿಗೆ ಹೇನು ಮಾಡಿದ್ದನ್ನು ಈ ಮರಕ್ಕೆ ನಾವು ಮಾಡಿದ್ದೆವು. ಆ ರಾತ್ರಿ ದೀಪವನ್ನು ಹಚ್ಚುವ ಧೈರ್ಯವೂ ನಮಗಾಗಲಿಲ್ಲ.

ಬುಧವಾರ ಅವರು ಬಂದೊಡನೆ, ಪೆಟ್ಟಿಗೆಗಳನ್ನು ಇಳಿಸುವ ಮೊದಲೇ, ತಪ್ಪನ್ನು ಒಪ್ಪಿಕೊಂಡೆವು. ಗೃಹಸ್ಥರು ನಕ್ಕರು. ಹುಡುಗಿ ನಗಲಿಲ್ಲ. ಗಾಜಿನ ಗುಂಡುಗಳನ್ನೂ, ಅವಳೇ ಹಿಟ್ಟಿನಲ್ಲಿ ಮಾಡಿದ ಹಕ್ಕಿಯನ್ನೂ, ದೀಪದ ಸರಗಳನ್ನೂ ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಹರಡಿದಳು. ಮರವನ್ನು ಅಂಗಳಕ್ಕೆ ಹೊತ್ತೆವು. ನಾವು ಬುಡ ಹಿಡಿದೆವು, ಅವಳು ತುದಿ ಹಿಡಿದಳು, ಗೃಹಸ್ಥರು ಗರಗಸದಿಂದ ಒಂದು ಅಂಗುಲ ಕೊಯ್ದರು. ಬಿಳಿಯ ಹೊಸ ಬಾಯಿ ಕಾಣಿಸಿತು. ಕಿತ್ತಳೆಯ ಸಿಪ್ಪೆಯಂತಹ ಪರಿಮಳ ಹಬ್ಬಿತು. ಒಳಗೊಯ್ದು ನೀರಿಗಿಟ್ಟು, ಪೀಠದ ಒಳಮೈಯಲ್ಲಿ ಸೀಮೆಸುಣ್ಣದಿಂದ ಗೆರೆಯೆಳೆದು, ಆ ರಾತ್ರಿ ಮೂರು ಸಲ ಎದ್ದು ನೋಡಿದೆವು. ಮೂರನೆಯ ಸಲ ನೀರು ಗೆರೆಯಿಂದ ಎರಡು ಬೆರಳು ಕೆಳಗಿದ್ದಿತು.

ಬೆಳಗ್ಗೆ ಹುಡುಗಿ ಅಡುಗೆಮನೆಗೆ ಬಂದಾಗ ಅವಳ ಕೈಯಲ್ಲಿ ಕೊಯ್ದ ಬಿಲ್ಲೆಯಿದ್ದಿತು. ಉಂಗುರಗಳನ್ನು ಎಣಿಸಿದ್ದಳು: 9. “ನೀರು ಕುಡಿಯಿತು” ಎಂದು ನಾವು ಹೇಳಿದೆವು. ತನಗೆ ಗೊತ್ತೆಂದಳು, ತಾನೂ ಎದ್ದು ನೋಡಿದ್ದಳಂತೆ.