ವಿಳಾಸದಾರರು ಇಲ್ಲಿಲ್ಲ

ನಮ್ಮ ಹೆಂಗಸರಿಗೂ ವಿಳಾಸಕ್ಕೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ತವರಿನಲ್ಲಿದ್ದಷ್ಟು ದಿನ ಅಪ್ಪನ ಕೇರಾಫ್, ಮದುವೆಯಾದ ಮೇಲೆ ಗಂಡನ ಕೇರಾಫ್, ವಯಸ್ಸಾದ ಮೇಲೆ ಮಗನ ಕೇರಾಫ್. ನಡುವೆ ಗಂಡನಿಗೆ ವರ್ಗವಾದರೆ ವಿಳಾಸದ ಕೆಳಗಿನ ಮೂರು ಸಾಲೂ ಬದಲು. ಹಿಂದೆ ಗೆಳತಿಯರ ಇನ್‌ಲ್ಯಾಂಡ್ ಲೆಟರುಗಳು ಊರೂರು ಸುತ್ತಿ, ಬೆನ್ನ ಮೇಲೆ ನಾಲ್ಕಾರು ಅಂಚೆ ಮುದ್ರೆ ಹೊತ್ತು, ‘ವಿಳಾಸದಾರರು ಇಲ್ಲಿಲ್ಲ’ ಎಂಬ ಷರಾದೊಂದಿಗೆ ಬರೆದವರ ಮನೆಗೇ ಮರಳುತ್ತಿದ್ದವು. ಎಷ್ಟೋ ಸ್ನೇಹಗಳು ಜಗಳವಿಲ್ಲದೆ, ಮುನಿಸಿಲ್ಲದೆ, ಬರೀ ಒಂದು ವಿಳಾಸ ಹಳತಾದ ಕಾರಣಕ್ಕೆ ಮುಗಿದುಹೋದದ್ದುಂಟು.

ಇದೆಲ್ಲ ಅಂಚೆಯಣ್ಣನ ಕಾಲದ ಗೋಳು, ಇಮೇಲ್ ಬಂದ ಮೇಲೆ ಆ ತಾಪತ್ರಯವಿಲ್ಲ ಎಂದುಕೊಳ್ಳುವವರು ಬಹಳ. ಹಾಗೇನೂ ಇಲ್ಲ ನೋಡಿ. ಜಗತ್ತಿನ ಮಹಾ ಜಾಣರೆಲ್ಲ ಸೇರಿ ಕೆಲಸ ಮಾಡುವ ಕಡೆಯಲ್ಲೂ ವಿಳಾಸ ತಪ್ಪಿದ ಪತ್ರಗಳು ತಿರುಗಿ ಬರುತ್ತವೆ, ಅದರಿಂದ ಮನಸ್ಸುಗಳು ನೋಯುತ್ತವೆ ಎಂಬುದನ್ನು ನಾನು ತಿಳಿದದ್ದು ನನ್ನ ತಂಗಿಯ ಮಗಳಿಂದ.

ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಸಂಬಳದ ಕೆಲಸ ಮುಗಿದ ಮೇಲೆ ರಾತ್ರಿ ಹೊತ್ತು ಲಿನಕ್ಸ್ ಎಂಬುದರ ಮುಂದೆ ಕೂರುತ್ತಾಳೆ. ಅದೇನೆಂದು ಕೇಳಿದೆ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಶುರುಮಾಡಿದ ಕೆಲಸವಂತೆ ಅದು. ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಸಂಸಾರ ತೂಗಿಸುವ ಕರ್ನೆಲ್ ಎಂಬ ತಿರುಳು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ. ಅದರ ಬರಹವನ್ನು ಯಾರು ಬೇಕಾದರೂ ಓದಬಹುದು, ಎಲ್ಲಾದರೂ ಹುಳುಕು ಕಂಡರೆ ತಿದ್ದಿ ಕಳಿಸಬಹುದು.

ಆ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಪ್ಯಾಚ್ ಅಂದರೆ ತೇಪೆ ತಾನೆ? ಹರಿದಲ್ಲಿ ಅಷ್ಟೇ ಅಗಲದ ಬಟ್ಟೆಯಿಟ್ಟು ಹೊಲಿಯುವ ಕೆಲಸ. ನನಗೆ ಆ ಹೆಸರು ಕೇಳಿಯೇ ಸಮಾಧಾನವಾಯಿತು. ಪೂರ್ತಿ ಬಟ್ಟೆಯನ್ನು ಕಳಿಸುವ ಹಾಗಿಲ್ಲ. ಯಾವ ಸಾಲು ತೆಗೆಯಬೇಕು, ಯಾವ ಸಾಲು ಸೇರಿಸಬೇಕು ಎಂಬುದನ್ನು ಮಾತ್ರ ಬರೆದು, ಏಕೆ ಎಂದು ವಿವರಿಸಿ, ಕೆಳಗೆ ರುಜು ಹಾಕಿ, ಈಗಲೂ ಇಮೇಲಿನಲ್ಲಿಯೇ ಕಳಿಸಬೇಕು. ಇದು ನನ್ನ ಕೆಲಸ, ಕಳಿಸುವ ಹಕ್ಕು ನನಗಿದೆ ಎಂದು ಹೆಸರು, ವಿಳಾಸ ಸಮೇತ ರುಜು ಹಾಕುವ ಪದ್ಧತಿ 2004ರಿಂದ ಇದೆ.

ಕಳಿಸುವುದು ಯಾರಿಗೆ? ಇಲ್ಲಿಯೇ ಇರುವುದು ಸ್ವಾರಸ್ಯ. ಅಷ್ಟು ದೊಡ್ಡ ಕರ್ನೆಲನ್ನು ಒಬ್ಬರೇ ನೋಡಿಕೊಳ್ಳಲು ಸಾಧ್ಯವೆ? ಒಂದೊಂದು ಭಾಗಕ್ಕೂ ಒಬ್ಬೊಬ್ಬ ಮೇಂಟೇನರ್ ಇರುತ್ತಾರೆ. ನಾನಾದರೆ ಪಾರುಪತ್ಯಗಾರರು ಎನ್ನುತ್ತೇನೆ. ಯಾವ ಭಾಗಕ್ಕೆ ಯಾರು ಎಂಬುದನ್ನೆಲ್ಲ ಮೇಂಟೇನರ್ಸ್ ಎಂಬ ಒಂದು ಕಡತದಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಶಾಲೆಯ ಹಾಜರಿ ಪುಸ್ತಕದ ಹಾಗೆ ಒಂದಕ್ಷರದ ಗುರುತುಗಳು: ಎಂ ಎಂದರೆ ಪತ್ರ ಕಳಿಸಬೇಕಾದವರು, ಎಲ್ ಎಂದರೆ ಆ ಭಾಗದಲ್ಲಿ ಆಸಕ್ತಿಯುಳ್ಳವರೆಲ್ಲ ಓದುವ ಸಾಮೂಹಿಕ ಅಂಚೆ, ಎಫ್ ಎಂದರೆ ಅವರ ಸುಪರ್ದಿಗೆ ಸೇರಿದ ಕಡತಗಳು, ಎಸ್ ಎಂದರೆ ಸ್ಥಿತಿಗತಿ. ಯಾರೂ ನೋಡಿಕೊಳ್ಳದ ಭಾಗದ ಮುಂದೆ ‘ಅನಾಥ’ ಎಂಬ ಅರ್ಥದ ಇಂಗ್ಲಿಷ್ ಪದವನ್ನೇ ಬರೆದಿರುತ್ತಾರಂತೆ. ಯಂತ್ರದ ಲೋಕದಲ್ಲಿ ಅಂಥ ಪದ ಕೇಳಿ ನನ್ನ ಕರುಳು ಚುರುಕ್ ಎಂದಿತು. ಈ ಕಡತವನ್ನು ಕೈಯಿಂದ ಹುಡುಕಬೇಕಾಗಿಯೂ ಇಲ್ಲ. ಗೆಟ್ ಮೇಂಟೇನರ್ ಎಂಬ ಪುಟ್ಟ ಪ್ರೋಗ್ರಾಮಿಗೆ ತೇಪೆಯನ್ನು ತೋರಿಸಿದರೆ ಇಂಥಿಂಥವರಿಗೆ ಕಳಿಸು ಎಂದು ವಿಳಾಸಗಳನ್ನು ಹೇಳಿಬಿಡುತ್ತದೆ.

ನಮ್ಮ ಹುಡುಗಿ ಒಂದು ಸಣ್ಣ ಹುಳುಕು ಕಂಡುಹಿಡಿದಳು. ಎರಡೇ ಸಾಲಿನ ತೇಪೆ. ನಾಲ್ಕು ರಾತ್ರಿ ಪರೀಕ್ಷೆ ಮಾಡಿ, ವಿವರಣೆಯನ್ನು ಹತ್ತು ಸಲ ತಿದ್ದಿ, ಪ್ರೋಗ್ರಾಮು ಹೇಳಿದ ವಿಳಾಸಗಳಿಗೇ ಕಳಿಸಿದಳು. ಕನಿಷ್ಠ ಒಂದು ವಾರವಾದರೂ ಕಾಯಬೇಕು, ಅದಕ್ಕೆ ಮೊದಲು ನೆನಪೋಲೆ ಕಳಿಸಬಾರದು ಎಂಬ ಸೂಚನೆ ಅಲ್ಲಿದೆ. ಕಾದಳು. ವಾರವಾಯಿತು, ಎರಡು ವಾರವಾಯಿತು, ಮೂರೂ ಆಯಿತು. ಉತ್ತರವಿಲ್ಲ.

ಹಬ್ಬಕ್ಕೆ ಬಂದಿದ್ದಾಗ ಮುಖ ಸಪ್ಪಗಿತ್ತು. ‘ದೊಡ್ಡಮ್ಮ, ಅಲ್ಲಿ ದೊಡ್ಡ ದೊಡ್ಡವರು ಇರ್ತಾರೆ. ನನ್ನಂಥವಳು ಕಳಿಸಿದ್ದನ್ನ ಯಾರು ನೋಡ್ತಾರೆ? ಹೆಸರು ನೋಡಿಯೇ ಪಕ್ಕಕ್ಕೆ ಇಟ್ಟಿರ್ತಾರೆ. ಇನ್ನು ಸಾಕು’ ಎಂದಳು. ಈ ಮಾತು ನನಗೆ ಬಹಳ ಪರಿಚಿತ. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಗಂಡು ಹುಡುಗನಿಗೆ ಉತ್ತರ ಬಾರದಿದ್ದರೆ ‘ಪೋಸ್ಟ್‌ಮ್ಯಾನ್ ಸರಿಯಿಲ್ಲ’ ಎನ್ನುತ್ತಾನೆ. ಹೆಣ್ಣು ಹುಡುಗಿಗೆ ಬಾರದಿದ್ದರೆ ‘ನನ್ನ ಅಕ್ಷರ ಸರಿಯಿಲ್ಲ’ ಎನ್ನುತ್ತಾಳೆ. ಮೌನವನ್ನು ಕಂಡರೆ ಸಾಕು, ಅದರೊಳಗೆ ನಮ್ಮದೇ ಕುಂದನ್ನು ಹುಡುಕಿಕೊಳ್ಳುವುದು ನಮಗೆ ರೂಢಿಯಾಗಿಹೋಗಿದೆ.

ರಿಜಿಸ್ಟರ್ ಕಾಗದದ ಕಾಲದವಳಾದ ನಾನು ಒಂದೇ ಪ್ರಶ್ನೆ ಕೇಳಿದೆ: ‘ಮುಟ್ಟಿದ್ದಕ್ಕೆ ಗುರುತೇನು? ತಿರುಗಿ ಬಂದಿದೆಯೇನೋ ನೋಡಿದೆಯಾ?’ ಅವಳು ಲ್ಯಾಪ್‌ಟಾಪು ತೆರೆದು ಕಸದ ಅಂಚೆಯೆಲ್ಲ ಸೇರುವ ಸ್ಪ್ಯಾಮ್ ಡಬ್ಬಿಯಲ್ಲಿ ಕೈಯಾಡಿಸಿದಳು. ಲಾಟರಿಯ ಆಸೆ, ಸಾಲದ ಆಮಿಷಗಳ ನಡುವೆ ಮೇಲರ್ ಡೀಮನ್ ಎಂಬವನಿಂದ ಬಂದ ಪತ್ರವೊಂದು ಮೂರು ವಾರದಿಂದ ಕೂತಿತ್ತು. ಹೆಸರು ಕೇಳಿ ಭೂತವೆಂದು ಹೆದರಬೇಡಿ. ತೆರೆಮರೆಯಲ್ಲಿ ಅಂಚೆ ಕೆಲಸ ನಡೆಸುವ ಪ್ರೋಗ್ರಾಮು ಅದು. ಅದರ ಷರಾ ಹೀಗಿತ್ತು: 550, 5.1.1, ಇಂಥ ಹೆಸರಿನವರು ಇಲ್ಲಿಲ್ಲ.

ಆ ಅಂಕಿಗಳ ಅರ್ಥ ಹೇಳಿಸಿಕೊಂಡೆ. ಮೊದಲ ಅಂಕಿ 4 ಆಗಿದ್ದರೆ ತಾತ್ಕಾಲಿಕ ಅಡ್ಡಿ, ಅಂಚೆ ಯಂತ್ರವೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ನಾವು ಸುಮ್ಮನಿರಬಹುದು. 5 ಆಗಿದ್ದರೆ ಖಾಯಂ ಅಡ್ಡಿ, ಎಷ್ಟು ಕಾದರೂ ಪ್ರಯೋಜನವಿಲ್ಲ, ನಾವೇ ಏನಾದರೂ ಮಾಡಬೇಕು. ಮುಂದಿನ 5.1.1 ಎಂದರೆ ಆ ಹೆಸರಿನ ಪೆಟ್ಟಿಗೆಯೇ ಇಲ್ಲ, 5.1.2 ಎಂದರೆ ಅಟ್ ಚಿಹ್ನೆಯ ಬಲಗಡೆ ಬರೆದ ಊರೇ ಸರಿಯಿಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ. ಈ 550 ಎಂಬ ಸಂಕೇತ 1982ರಲ್ಲಿ ಜಾನ್ ಪೋಸ್ಟೆಲ್ ಎಂಬುವರು ಬರೆದ ಅಂಚೆ ನಿಯಮದಲ್ಲಿಯೇ ಇದೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಹೀಗೆ ತಿರುಗಿ ಬರುವ ಪತ್ರದ ಲಕೋಟೆಯಲ್ಲಿ ಕಳಿಸಿದವರ ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಇಲ್ಲದಿದ್ದರೆ ಅದೂ ಮುಟ್ಟದೆ ತಿರುಗಿ, ಆ ತಿರುಗಿದ್ದಕ್ಕೆ ಮತ್ತೊಂದು ತಿರುಗಿ, ಎರಡು ಯಂತ್ರಗಳು ಬೀಗಿತ್ತಿಯರ ಮಾತಿನ ಹಾಗೆ ಕೊನೆಯಿಲ್ಲದೆ ಪತ್ರ ಎಸೆದಾಡುತ್ತಿರುತ್ತವೆ.

ಹಾಗಾದರೆ ಕಡತದಲ್ಲಿದ್ದ ವಿಳಾಸವೇ ತಪ್ಪಾದದ್ದು ಹೇಗೆ? ಉತ್ತರ ಸುಲಭ. ಆ ಮೇಂಟೇನರ್ ಕೆಲಸ ಬದಲಾಯಿಸಿದ್ದರು. ಹಳೆಯ ಕಂಪನಿಯ ವಿಳಾಸ ಅವರು ಬಿಟ್ಟ ಕೂಡಲೇ ಮುಚ್ಚಿಹೋಯಿತು. ಕಡತದಲ್ಲಿ ಮಾತ್ರ ಅದೇ ಉಳಿದಿತ್ತು. ಸಾಮೂಹಿಕ ಅಂಚೆಗೆ ಹೋದ ಪ್ರತಿ ಮುಟ್ಟಿತ್ತು ನಿಜ, ಆದರೆ ಎಲ್ಲರ ಕೆಲಸ ಯಾರ ಕೆಲಸವೂ ಅಲ್ಲ ಎಂಬ ಮಾತಿದೆಯಲ್ಲ. ದಿನವೂ ಬಂದು ಬೀಳುವ ರಾಶಿಯಲ್ಲಿ ಅದು ಅಡಿಗೆ ಹೋಗಿತ್ತು.

ವಿಳಾಸ ಕೆಡುವುದಕ್ಕೆ ಬೇರೆ ದಾರಿಗಳೂ ಉಂಟು. ವಿಳಾಸಗಳ ಸಾಲಿನಲ್ಲಿ ಅಲ್ಪವಿರಾಮ ಬಂದರೆ ಯಂತ್ರಕ್ಕೆ ಒಬ್ಬರು ಮುಗಿದು ಇನ್ನೊಬ್ಬರು ಶುರುವಾದರೆಂದು ಅರ್ಥ. ಮನೆತನದ ಹೆಸರು ಮೊದಲು ಬರೆದು ಅಲ್ಪವಿರಾಮ ಹಾಕಿ ಆಮೇಲೆ ತಮ್ಮ ಹೆಸರು ಬರೆಯುವವರು ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಒಬ್ಬರು ಇಬ್ಬರಾಗಿ ಒಡೆಯುತ್ತಾರೆ, ಪತ್ರ ಎಡವುತ್ತದೆ. ನಮ್ಮ ಕಡೆಯ ಇನಿಷಿಯಲ್ಲಿನ ಚುಕ್ಕಿಯನ್ನು ಕೂಡ ನಿಯಮದ ಪ್ರಕಾರ ಉದ್ಧರಣ ಚಿಹ್ನೆಯೊಳಗೇ ಕೂರಿಸಬೇಕು. ವಿಳಾಸವನ್ನು ಸುತ್ತುವರಿಯುವ ಕೋನಾಕಾರದ ಕಂಸದಲ್ಲಿ ಒಂದನ್ನು ಮರೆತರೂ ಕಷ್ಟವೇ. ಹಳೆಯ ಆವೃತ್ತಿಗಳಿಗೂ ಈ ತೇಪೆ ಬೇಕು ಎಂದು ವಿಳಾಸದ ಪಕ್ಕದಲ್ಲಿಯೇ ಟಿಪ್ಪಣಿ ಬರೆಯುವ ರೂಢಿ ಅಲ್ಲಿದೆ. ಕೆಲವೊಮ್ಮೆ ಯಂತ್ರ ಆ ಟಿಪ್ಪಣಿಯನ್ನೂ ವಿಳಾಸವೆಂದೇ ಓದಿ ತಬ್ಬಿಬ್ಬಾಗುತ್ತದೆ.

ಇದಕ್ಕೆಲ್ಲ ಮದ್ದು ನಮ್ಮ ಅಡುಗೆಮನೆಯ ಮದ್ದೇ: ಬಡಿಸುವ ಮುಂಚೆ ರುಚಿ ನೋಡುವುದು. ನಿಜವಾಗಿ ಕಳಿಸದೆ, ಯಾರಿಗೆ ಹೋಗುತ್ತದೆ ಎಂದು ಮಾತ್ರ ತೋರಿಸುವ ಡ್ರೈ ರನ್ ಎಂಬ ಏರ್ಪಾಡಿದೆ. ಆಮೇಲೆ ಮೊದಲ ಪ್ರತಿಯನ್ನು ತನಗೆ ತಾನೇ ಕಳಿಸಿಕೊಂಡು ಸರಿಯಾಗಿ ಬಂತೇ ಎಂದು ನೋಡಬೇಕು. ಮೇಂಟೇನರ್ಸ್ ಕಡತದ ಹೊಸ ಪ್ರತಿಯನ್ನೇ ಬಳಸಬೇಕು. ಕಳಿಸಿದ ಮೇಲೆ ಸ್ಪ್ಯಾಮ್ ಡಬ್ಬಿಯಲ್ಲಿ ಒಮ್ಮೆ ಇಣುಕಬೇಕು. 550 ಬಂದರೆ ಅದೇ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸದೆ, ಆ ವ್ಯಕ್ತಿ ಇತ್ತೀಚೆಗೆ ಎಲ್ಲಿಂದ ಬರೆಯುತ್ತಿದ್ದಾರೆ ಎಂದು ಸಾಮೂಹಿಕ ಅಂಚೆಯ ಹಳೆಯ ಪತ್ರಗಳಲ್ಲಿ ಹುಡುಕಬೇಕು. ನಮ್ಮ ಹುಡುಗಿ ಹುಡುಕಿದಳು, ಹೊಸ ವಿಳಾಸ ಸಿಕ್ಕಿತು, ಕಳಿಸಿದಳು. ನಾಲ್ಕನೆಯ ದಿನವೇ ಉತ್ತರ ಬಂತು. ವಿವರಣೆ ಇನ್ನೂ ಸ್ಪಷ್ಟವಾಗಲಿ ಎಂದು ಎರಡು ಬಾರಿ ತಿದ್ದಿಸಿ ಮೂರನೆಯ ಬಾರಿಗೆ ಒಪ್ಪಿಕೊಂಡರು. ಜತೆಗೆ ತಮ್ಮ ವಿಳಾಸವನ್ನು ಕಡತದಲ್ಲಿ ಸರಿಪಡಿಸುವ ಇನ್ನೊಂದು ತೇಪೆಯನ್ನು ಅವರೇ ಕಳಿಸಿದರಂತೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಆಮೇಲೆ ಅವಳು ತೋರಿಸಿದ ಇನ್ನೊಂದು ಸಂಗತಿ ಮನಸ್ಸಿನಲ್ಲಿ ಉಳಿದಿದೆ. ಒಪ್ಪಿಗೆಯಾದ ಪ್ರತಿಯೊಂದು ತೇಪೆಯೂ ಮಾಡಿದವರ ಹೆಸರು, ವಿಳಾಸದ ಸಮೇತ ಚರಿತ್ರೆಯಲ್ಲಿ ದಾಖಲಾಗುತ್ತದೆ. ಈ ಲೆಕ್ಕ ಇಡುವ ಗಿಟ್ ಎಂಬ ವ್ಯವಸ್ಥೆಯನ್ನೂ 2005ರಲ್ಲಿ ಟೋರ್ವಾಲ್ಡ್ಸ್ ಅವರೇ ಬರೆದರು. ಸರಪಳಿಯ ಕೊಂಡಿಗಳ ಹಾಗೆ ಒಂದಕ್ಕೊಂದು ಬೆಸೆದಿರುವುದರಿಂದ ಹಳೆಯ ದಾಖಲೆಯಲ್ಲಿ ಒಂದಕ್ಷರ ಮುಟ್ಟಿದರೂ ಮುಂದಿನದೆಲ್ಲ ಬದಲಾಗಿಬಿಡುತ್ತದೆ. ಹಾಗಾಗಿ ಹಳೆಯದನ್ನು ಯಾರೂ ತಿದ್ದುವುದಿಲ್ಲ. ಹಾಗಾದರೆ ವಿಳಾಸ ಬದಲಾದವರು, ಹೆಸರೇ ಬದಲಾದವರು ಏನು ಮಾಡಬೇಕು?

ಅವರಿಗಾಗಿ ಮೇಲ್‌ಮ್ಯಾಪ್ ಎಂಬ ಪುಟ್ಟ ಕಡತವಿದೆ. ಒಬ್ಬೊಬ್ಬರಿಗೂ ಒಂದೊಂದು ಸಾಲು: ಇಂಥ ಹಳೆಯ ವಿಳಾಸದಲ್ಲಿ ದುಡಿದವರು ಈಗ ಇಂಥ ಹೆಸರಿನ, ಇಂಥ ವಿಳಾಸದವರೇ. ಅಷ್ಟು ಬರೆದರೆ ಮುಗಿಯಿತು. ಕೆಲಸದ ಪಟ್ಟಿ ತೆಗೆದಾಗ ಹಳೆಯ ಹೆಸರಿನ ದುಡಿಮೆಯೂ ಹೊಸ ಹೆಸರಿನ ದುಡಿಮೆಯೂ ಒಬ್ಬರ ಲೆಕ್ಕದಲ್ಲಿಯೇ ಬರುತ್ತವೆ. ವಿಳಾಸ ಹೇಳುವ ಆ ಪುಟ್ಟ ಪ್ರೋಗ್ರಾಮೂ ಇದನ್ನು ಓದಿಕೊಳ್ಳುತ್ತದೆ. ಬಿಟ್ಟುಹೋದವರನ್ನೂ ಮರೆತಿಲ್ಲ. ಕ್ರೆಡಿಟ್ಸ್ ಎಂಬ ಇನ್ನೊಂದು ಕಡತದಲ್ಲಿ ಕೆಲಸ ಮಾಡಿದವರ ಹೆಸರು, ಏನು ಮಾಡಿದರು ಎಂಬ ವಿವರ, ಕೆಲವರ ಮನೆಯ ಅಂಚೆ ವಿಳಾಸ ಕೂಡ ಇದೆ.

ಇದನ್ನು ಕೇಳುತ್ತಾ ನನ್ನ ಸಹೋದ್ಯೋಗಿಗಳೆಲ್ಲ ಕಣ್ಣ ಮುಂದೆ ಬಂದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಸೇವಾ ಪುಸ್ತಕದಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಎರಡೂ ಸೇರಿದ ಮೂರನೆಯ ಹೆಸರು. ಪಿಂಚಣಿಯ ಹೊತ್ತಿಗೆ ಈ ಮೂವರೂ ಒಬ್ಬಳೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಕಚೇರಿಯಿಂದ ಕಚೇರಿಗೆ ತಿರುಗಿದವರೆಷ್ಟು ಮಂದಿ! ಮದುವೆಗೆ ಮುಂಚೆ ಬರೆದ ಕವಿತೆ, ಗೆದ್ದ ಬಹುಮಾನ ಯಾವುದೋ ಹುಡುಗಿಯದಾಗಿ ಉಳಿದುಹೋದ ಗೆಳತಿಯರೂ ಇದ್ದಾರೆ. ಅವರ ಬದುಕಿಗೂ ಒಂದು ಸಾಲಿನ ಮೇಲ್‌ಮ್ಯಾಪ್ ಇದ್ದಿದ್ದರೆ ಎನಿಸಿತು.

ಬರುವ ವರ್ಷ ನಮ್ಮ ಹುಡುಗಿಯ ಮದುವೆ. ಹೆಸರು ಬದಲಿಸುತ್ತಾಳೋ ಇಲ್ಲವೋ ಅವಳಿಗೆ ಬಿಟ್ಟದ್ದು. ನಾನು ಅವಳಿಗೆ ಹೇಳಿದ್ದು ಇಷ್ಟೇ: ಕಂಪನಿ ಬದಲಾಗಲಿ, ಮನೆ ಬದಲಾಗಲಿ, ನಿನ್ನ ಸಾಲನ್ನು ನೀನೇ ಬರೆದಿಡು, ಇನ್ನೊಬ್ಬರು ಬರೆಯಲಿ ಎಂದು ಕಾಯಬೇಡ. ಹಾಗೆಯೇ ಎಲ್ಲಿಂದಲಾದರೂ ಉತ್ತರ ಬಾರದಿದ್ದರೆ ನಿನ್ನ ಯೋಗ್ಯತೆಯನ್ನು ಅಳೆದುಕೊಳ್ಳುವ ಮೊದಲು ವಿಳಾಸವನ್ನು ಇನ್ನೊಮ್ಮೆ ನೋಡು. ಒಂದಿಷ್ಟು ಮೌನ ತಿರಸ್ಕಾರದ್ದೇ ಇರಬಹುದು, ಇಲ್ಲವೆನ್ನಲಾರೆ. ಆದರೆ ಬಹಳಷ್ಟು ಮೌನಕ್ಕೆ ಕಾರಣ ಪತ್ರ ಮುಟ್ಟದಿರುವುದೇ. ಅಂಚೆಯ ಯಂತ್ರವಾದರೂ ಪ್ರಾಮಾಣಿಕವಾಗಿ 550 ಎಂದು ಬರೆದು ಹಿಂದಿರುಗಿಸುತ್ತದೆ. ಮನುಷ್ಯರು ಷರಾ ಬರೆಯುವುದಿಲ್ಲ. ಅವರ ವಿಷಯದಲ್ಲಿ ನಾವೇ ಹೋಗಿ, ಮುಟ್ಟಿತೇ ಎಂದು ಕೇಳಬೇಕಾಗುತ್ತದೆ.