24 ಮೀಟರ್ ಸುತ್ತಳತೆಯ ಆಯತ

ಗೋಪಿನಾಥಂನಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಐದನೇ ತರಗತಿಯ ಘಟಕ ಪರೀಕ್ಷೆಗೆ ಒಂದು ಪ್ರಶ್ನೆ ಹಾಕಿದ್ದೆ: ಸುತ್ತಳತೆ 24 ಮೀಟರ್ ಇರುವ ಒಂದು ಆಯತದ ಉದ್ದ, ಅಗಲ ಬರೆಯಿರಿ. ನನ್ನ ಮಾದರಿ ಉತ್ತರದಲ್ಲಿ ಇದ್ದದ್ದು 8 ಮತ್ತು 4 ಮಾತ್ರ. ಹಾಗಾಗಿ 7, 5 ಎಂದು ಬರೆದ ಹುಡುಗಿಗೂ 12, 12 ಎಂದು ಬರೆದ ಹುಡುಗನಿಗೂ ಒಂದೇ ತಪ್ಪು ಗುರುತು ಹಾಕಿದೆ.

ಉತ್ತರ ಪತ್ರಿಕೆ ಹಂಚಿದಾಗ ಆ ಹುಡುಗಿ ಏನೂ ಕೇಳಲಿಲ್ಲ. ಸುಮ್ಮನೆ 7, 5 ಅಳಿಸಿ, ಪಕ್ಕದವಳನ್ನು ನೋಡಿ 8, 4 ಬರೆದುಕೊಂಡಳು. ನನಗೆ ಕಸಿವಿಸಿಯಾಯಿತು.

"ಮೊದಲು ಬರೆದದ್ದು ಹೇಗೆ ಬಂತಮ್ಮ?" ಎಂದೆ.

ಅಲ್ಲಿನ ಹಲವು ಮಕ್ಕಳಂತೆ ಅವಳ ಮನೆಮಾತೂ ತಮಿಳು. ಬೆರಳಿನಿಂದ ಡೆಸ್ಕಿನ ಮೇಲೆ ಗೆರೆ ಎಳೆದಳು: ಏಳು, ಐದು, ಏಳು, ಐದು. "ಸುತ್ತಿ ಬಂದ್ರೆ ಇಪ್ಪತ್ನಾಲ್ಕು ಸಾರ್."

ಹುಡುಗ ಎರಡೇ ಬದಿ ಕೂಡಿಸಿ ನಿಲ್ಲಿಸಿದ್ದ. "ಹೊಲಕ್ಕೆ ಎರಡು ಬದಿ ಮಾತ್ರ ಬೇಲಿ ಹಾಕಿದರೆ ಹಂದಿ ನುಗ್ಗಲ್ವೇನೋ?" ಎಂದಾಗ ನಕ್ಕು, ಸ್ವಲ್ಪ ಯೋಚಿಸಿ, 6, 6 ಎಂದ. "ಅದು ಚೌಕ ಅಲ್ವಾ ಸಾರ್?" ಎಂದು ಹಿಂದಿನ ಬೆಂಚು ತಗಾದೆ ತೆಗೆಯಿತು. ಚೌಕವೂ ಒಂದು ಆಯತವೇ ಎಂದು ನಾನು ಪಾಠದಲ್ಲಿ ಹೇಳಿರಲೇ ಇಲ್ಲ!

ಪೂರ್ಣಸಂಖ್ಯೆಗಳಲ್ಲೇ ಈ ಪ್ರಶ್ನೆಗೆ ಆರು ಉತ್ತರಗಳಿವೆ, 11, 1ರಿಂದ ಹಿಡಿದು 6, 6ರವರೆಗೆ. ಸಂಜೆ ಕೂತು ಅಂಕಗಳನ್ನು ತಿದ್ದಿದೆ. ಮುಂದಿನ ಪರೀಕ್ಷೆಯಲ್ಲಿ "ಹೇಗೆ ಬಂತು? ಚಿತ್ರ ಬರೆದು ತೋರಿಸಿ" ಎಂಬ ಸಾಲು ಸೇರಿಸಿದೆ. ಮೌಲ್ಯಮಾಪನಕ್ಕೆ ಎರಡು ಪಟ್ಟು ಹೊತ್ತು ಹಿಡಿಯಿತು.